ಉಳಿದುಹೋದ ಷರತ್ತು

ಸಹಿ ಹಾಕಿದ ಕರಾರು ಮೀರಲು ಈಗ ಯಾರ ಮೈಯೂ ಒಪ್ಪುವುದಿಲ್ಲ. ಹಾಗಾಗಿ ಕಂಪನಿ ವಕೀಲೆಯಾದ ನಾನು ಒಂದೊಂದು ಪದಕ್ಕೂ ಹೆದರಬೇಕು. ಈ ಸಲ ಹೆದರಲಿಲ್ಲ, ನೋಡಿ.

ಮೊನ್ನೆ ಒಂದಾದ ಎರಡು ಪಂಪ್‌ಸೆಟ್ ಕಂಪನಿಗಳ ಮಾಲೀಕರಾದ ಹಂಚಿನಾಳರು, ನಾಡಗೌಡರು ಮಧ್ಯಾಹ್ನ ಬುತ್ತಿ ಹಿಡಿದು ನನ್ನ ಆಫೀಸಿಗೇ ನುಗ್ಗಿದರು.

"ಮೇಡಂ, ಈ ನಾಡಗೌಡ ಬರೂತನಕಾ ನನ್ನ ಕೈ ಬಾಯಿಗೆ ಹೋಗವಲ್ದು!" ಎಂದು ಹಂಚಿನಾಳರು ಕೂಗಾಡಿದರು.

ಇವರ ವಿಲೀನದ ಕರಾರಿಗೆ ಅವಸರದಲ್ಲಿ ನನ್ನ ಮದುವೆ ಕರಾರನ್ನೇ ನಕಲು ಮಾಡಿ ಹೆಸರು ಬದಲಿಸಿದ್ದೆ. 'ಒಬ್ಬರು ಬರುವ ತನಕ ಇನ್ನೊಬ್ಬರು ಉಣ್ಣತಕ್ಕದ್ದಲ್ಲ' ಎಂಬ ಷರತ್ತು ಹಾಗೇ ಉಳಿದಿತ್ತು. ಕೆಲಸ ಹೋಯಿತೆಂದುಕೊಂಡು ತಿದ್ದುಪಡಿ ಬರೆದು ಮುಂದಿಟ್ಟೆ.

ಅಷ್ಟರಲ್ಲಿ ಹಂಚಿನಾಳರು ನಾಡಗೌಡರ ಡಬ್ಬಿಗೆ ಕೈ ಹಾಕಿದ್ದರು. ಪೆನ್ನು ದೂರ ತಳ್ಳಿದರು.

"ಇರ್ಲಿ ಬಿಡ್ರಿ. ಇಷ್ಟ್ ವರ್ಷ ಕೋರ್ಟಿನಾಗ ಬಡದಾಡೀವಿ, ಇವನ ಮನೀ ಎಣ್ಣೆಗಾಯಿ ಹಿಂಗಿರ್ತದಂತ ಯಾರಿಗೆ ಗೊತ್ತಿತ್ತು?"

ನನಗೂ ಒಂದು ರೊಟ್ಟಿ ಕೊಟ್ಟರು. ನನ್ನ ಕೈ ಮೇಲೇಳಲಿಲ್ಲ. ಆಗಲೇ ಗಂಡನ ಫೋನ್ ಬಂತು.

"ಎಲ್ಲಿ ಅದೀ? ಅನ್ನ ಕಲಸ್ಕೊಂಡು ಕುಂತೀನಿ!"

ನಮ್ಮಿಬ್ಬರ ಹೆಸರಲ್ಲೂ ಇಂಥದೇ ತಿದ್ದುಪಡಿ ಬರೆದು ಚೀಲದಲ್ಲಿಟ್ಟುಕೊಂಡಿದ್ದೆ. ಅದನ್ನು ಹರಿದು ಬುಟ್ಟಿಗೆಸೆದು ಮನೆಗೆ ಓಡಿದೆ.