ಸೋರುವ ಕಾರು

ಮಗಳು ಆಸೆಪಟ್ಟು ತಂದು ಅಂಗಳದಲ್ಲಿ ನಿಲ್ಲಿಸಿದ್ದ ಹಳೆಯ ಸ್ಪೋರ್ಟ್ಸ್ ಕಾರು ಅದು. ರಿಪೇರಿ ಮುಗಿಯುವ ಮೊದಲೇ ಅವಳು ಕಾಯಿಲೆಯಿಂದ ತೀರಿಕೊಂಡಳು. ಅದು ಕಣ್ಣೆದುರಿಗಿರುವಷ್ಟು ದಿನ ಹೆಂಡತಿಯ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ ಎಂದುಕೊಂಡ ತಂದೆ, "ಎಣ್ಣೆ ಸೋರೋದೊಂದು ನಿಲ್ಲಲಿ, ಮಾರಿಬಿಡೋಣ" ಎಂದಿದ್ದರು. ಆಕೆ ಎದುರಾಡಿರಲಿಲ್ಲ.

ಮೆಕ್ಯಾನಿಕ್ ಗೆಳೆಯ ಬಂದು ಎಂಜಿನ್ನಿನ ಸೀಲುಗಳನ್ನೆಲ್ಲ ಬದಲಾಯಿಸಿ ಹೊಸ ಆಯಿಲ್ ತುಂಬಿದ. ಬಣ್ಣವಾಯಿತು, ಸೀಟಿಗೆ ಹೊಸ ಹೊದಿಕೆ ಬಂತು. ಆದರೂ ಬೆಳಗಾದರೆ ಕಾರಿನಡಿ ಹಾಸಿದ ರಟ್ಟಿನ ಮೇಲೆ ಎಣ್ಣೆಯ ಹನಿ. ಕಾಫಿ ತಂದ ಹೆಂಡತಿ, "ಇವತ್ತೂ ಸೋರಿದೆಯೇನ್ರೀ?" ಎಂದು ಕೇಳುತ್ತಿದ್ದಳು. ಹೌದೆಂದರೆ ಲೋಟ ಕೊಟ್ಟು ಒಳಗೆ ಹೋಗುತ್ತಿದ್ದಳು.

ಆ ದಿನ ಗೆಳೆಯ ರೇಗಿಯೇಬಿಟ್ಟ. "ನಾನು ಹಾಕಿದ ಸೀಲು ಸೋರೋ ಮಾತೇ ಇಲ್ಲ ಕಣೋ!" ಎನ್ನುತ್ತ ಕಾರಿನಡಿ ಕೈ ಚಾಚಿ, ಹನಿಯನ್ನು ಬೆರಳಿಗೆ ಹಚ್ಚಿಕೊಂಡು ಮೂಸಿದ. ಅವನ ಮುಖ ಬದಲಾಯಿತು.

"ಇದು ಎಂಜಿನ್ ಆಯಿಲ್ ಅಲ್ವೋ. ಒಗ್ಗರಣೆಗೆ ಹಾಕೋ ಕಡಲೆಕಾಯಿ ಎಣ್ಣೆ!"

"ಮೆಲ್ಲಗೆ ಮಾತಾಡು," ಎಂದರು ಅವರು, ಅಡುಗೆಮನೆಯ ಕಿಟಕಿಯತ್ತ ನೋಡಿ. "ನನಗೆ ಮೊದಲನೇ ದಿನವೇ ಗೊತ್ತಾಯ್ತು."

"ಮತ್ತೆ ನನ್ನನ್ಯಾಕೆ ವಾರವಾರ ಕರೆಸ್ತೀಯ?"

ಅವರು ಸ್ಪ್ಯಾನರ್ ಹಿಡಿದು ಕಾರಿನಡಿ ಮಲಗಿ, ಒಳಗಿದ್ದವಳಿಗೆ ಕೇಳುವಂತೆ ಕೂಗಿದರು:

"ಇನ್ನೂ ಸೋರ್ತಾನೇ ಇದೆ ಕಣೇ! ಈ ವಾರವೂ ಮಾರೋಕಾಗಲ್ಲ."