ಕೊಂಬಣ್ಣನ ಕೂಗು

"ಸುಟ್ಟ ಜಾಗ ಒಣಗಿದೆ. ಜ್ವರ ಇಲ್ಲ, ಕೀವು ಇಲ್ಲ. ಕರು ಗುಂಡುಕಲ್ಲಿನ ಹಾಗಿದೆಯಲ್ಲ ಅಕ್ಕ," ಎಂದು ಮಂಡಿ ಹಿಡಿದುಕೊಂಡು ಎದ್ದ ಕೊಂಬಣ್ಣ. ಅದು ಅವತ್ತಿನ ಒಂಬತ್ತನೇ ಕೊಟ್ಟಿಗೆ.

"ಗುಂಡುಕಲ್ಲೇ. ತಾಯಿ ಹತ್ರ ಬಿಟ್ರೆ ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ," ಎಂದಳು ಕೊಟ್ಟಿಗೆಯ ಒಡತಿ. "ನೀವು ಬಂದು ಹೋದ ಮಾರನೇ ದಿನದಿಂದ ಹೀಗೆ, ನಾಲ್ಕು ದಿನ ಆಯ್ತು. ನಾನೇ ಬಾಟ್ಲಿಯಲ್ಲಿ ಕುಡಿಸ್ತಿದೀನಿ. ಇದು ಬಾಯಿ ಹಾಕದೆ ಅವಳು ಹಾಲು ಇಳಿಸಲ್ಲ, ಕೆಚ್ಚಲು ಬಿಗಿದು ಕೂತಿದೆ. ಇನ್ನೆರಡು ದಿನ ಹೀಗೇ ಆದ್ರೆ ಹಸುವೂ ಹೋಗುತ್ತೆ, ನಿಮ್ಮ ಹೆಸರೂ ಹೋಗುತ್ತೆ."

ಹೆಸರು ಬಂದು ಇನ್ನೂ ಎರಡು ತಿಂಗಳಾಗಿರಲಿಲ್ಲ. ದನದ ಆಸ್ಪತ್ರೆಯ ಕಾಂಪೌಂಡರ್ ಕೆಲಸ ಬಿಟ್ಟು, ಹಳೇ ವ್ಯಾನಿಗೆ ಗ್ಯಾಸ್ ಸಿಲಿಂಡರು, ಸುಡುವ ಕಬ್ಬಿಣ ಏರಿಸಿ, ಎಳೆಗರುಗಳ ಕೊಂಬಿನ ಮೊಳಕೆ ಸುಡಲು ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೊರಟವನಿಗೆ ಜನರೇ ಇಟ್ಟ ಹೆಸರು ಅದು. ಹೋದಲ್ಲೆಲ್ಲ ಒಂದೇ ಜೋಕು: "ನಮ್ಮ ಯಜಮಾನ್ರಿಗೂ ಕೊಂಬು ಬಂದಿದೆ, ಹಾಗೇ ಒಂದು ಕೈ ನೋಡ್ತೀರಾ?" ಅವತ್ತು ಎಂಟು ಸಲ ಕೇಳಿ, ಎಂಟು ಸಲವೂ ಮೊದಲ ಸಲ ಕೇಳಿದವನಂತೆ ನಕ್ಕಿದ್ದ. ದವಡೆ ನೋಯುತ್ತಿತ್ತು.

ಅವನ ಬಂಡವಾಳವೆಲ್ಲ ಗಂಟಲಲ್ಲಿತ್ತು. ಹಸು ಒಂದು ಸಲ ಕೂಗಿದರೆ ಸಾಕು, ಅದೇ ಎಳೆತ, ಅದೇ ಕೊನೆಯ ಗೊಗ್ಗರು ಸೇರಿಸಿ ಹೊಟ್ಟೆಯಿಂದ ಎತ್ತಿ ಕೂಗುತ್ತಿದ್ದ. ಅಮ್ಮ ಕರೆದಳೆಂದು ಕರು ಬಾಲ ಎತ್ತಿಕೊಂಡು ಓಡಿ ಬಂದು ಕಬ್ಬಿಣದ ಚೌಕಟ್ಟಿನೊಳಗೆ ತಾನಾಗಿ ತಲೆ ತೂರಿಸುತ್ತಿತ್ತು. ಕಾದ ಕಬ್ಬಿಣ ಕಾಣದಿರಲೆಂದು, ವ್ಯಾನ್ ಓಡಿಸಿಕೊಂಡು ಜೊತೆಗೆ ಬರುತ್ತಿದ್ದ ಭಾವಮೈದ ತಟ್ಟನೆ ಕಣ್ಣಿಗೆ ಒದ್ದೆ ಟವೆಲ್ ಕಟ್ಟುತ್ತಿದ್ದ. ಮರಗಟ್ಟಿಸುವ ಸೂಜಿ ಚುಚ್ಚಿದ ಮೇಲೆ ಹತ್ತು ನಿಮಿಷ ಕಾಯಬೇಕು. ದಿನಕ್ಕೆ ಹನ್ನೆರಡು ಕೊಟ್ಟಿಗೆ ಅಂತಾದ ಮೇಲೆ ಹತ್ತು ಸವೆದು ನಾಲ್ಕಾಗಿತ್ತು. ಕಬ್ಬಿಣ ಒತ್ತುವಾಗಲೂ ಅವನು ಅಮ್ಮನ ದನಿಯಲ್ಲಿ ಕೂಗುತ್ತಲೇ ಇರುತ್ತಿದ್ದ. ಕರುವಿಗೆ ಸಮಾಧಾನವಾಗಲಿ ಎಂದು.

"ಎಲ್ಲಿ, ಬಿಟ್ಟು ತೋರ್ಸಿ."

ಒಡತಿ ಹಗ್ಗ ಬಿಚ್ಚಿದಳು. ಆ ತುದಿಯಿಂದ ಹಸು ಕೂಗಿತು. ಕರುವಿನ ಮೈ ಒಮ್ಮೆ ನಡುಗಿತು. ಕಣ್ಣು ಬಿಗಿಯಾಗಿ ಮುಚ್ಚಿ, ತಲೆ ತಗ್ಗಿಸಿ ಒಂದು ಹೆಜ್ಜೆ ಹಿಂದೆ ಹೋಯಿತು. ಹಸು ಮತ್ತೆ ಕೂಗಿತು. ಕರು ಮತ್ತೊಂದು ಹೆಜ್ಜೆ ಹಿಂದೆ. ಕೊನೆಗೆ ಬಾಲ ಗೋಡೆಗೆ ತಾಗಿತು.

ಕೊಂಬಣ್ಣನಿಗೆ ಅರ್ಥವಾಯಿತು. ಟವೆಲಿನ ಕತ್ತಲಲ್ಲಿ ಅದಕ್ಕೆ ಅವನ ಮುಖ ಕಂಡಿರಲಿಲ್ಲ. ಕೇಳಿದ್ದು ಕೂಗು ಮಾತ್ರ.

ಹೊರಗೆ ಭಾವಮೈದ ಹಾರನ್ ಒತ್ತಿದ. "ಭಾವ, ಬೇಗ. ಮುಂದಿನ ಕೊಟ್ಟಿಗೆಯಲ್ಲಿ ನಿಮ್ಮ ಕೂಗು ಕೇಳೋಕೆ ಮಕ್ಕಳು ಮರಿ ಎಲ್ಲ ಗೋಡೆ ಹತ್ತಿ ಕೂತಿದಾರಂತೆ."

"ವ್ಯಾನಲ್ಲಿ ಹಗ್ಗ ಇದೆಯಾ?"

"ಹಗ್ಗ ಯಾರಿಗೆ, ನನಗಾ?"

"ಕರುಗಳಿಗೆ ಕಣೋ."

"'ಹಗ್ಗವಿಲ್ಲ, ಎಳೆದಾಟವಿಲ್ಲ' ಅಂತ ವ್ಯಾನ್ ಮೇಲೆ ಇಷ್ಟುದ್ದ ಬರೆಸಿದ್ದು ನೀವೇ ಅಲ್ವಾ ಭಾವ?"

ಒಡತಿ ಹತ್ತಿರ ಬಂದಳು. "ನೀವೇ ಒಂದ್ಸಲ ಕೂಗಿ ನೋಡಿ ಅಣ್ಣ. ಅವತ್ತು ಹೇಗೆ ಓಡಿ ಬಂತು."

ಅವನು ಬಾಯಿ ತೆರೆದ. ಹಾಗೇ ಮುಚ್ಚಿದ. "ಗಂಟಲು ಕಟ್ಟಿದೆ ಅಕ್ಕ."

ಹಸು ಈ ಸಲ ಉದ್ದಕ್ಕೆ ಕೂಗಿತು. ಕರು ಕಣ್ಣು ತೆರೆದು ಅತ್ತಿತ್ತ ನೋಡಿತು. ಒಡತಿ 'ಹೋಗು, ಹೋಗು' ಎಂದು ಗದರುತ್ತಿದ್ದಳು. ಕೊಟ್ಟಿಗೆಯಲ್ಲಿ ಸುಮ್ಮನೆ ನಿಂತಿದ್ದವನು ಅವನೊಬ್ಬನೇ. ಕರು ದಡಬಡ ಓಡಿ ಬಂದು ಅವನ ಕಾಲ ಹಿಂದೆ ಅವಿತುಕೊಂಡು, ಸುಟ್ಟ ತಲೆಯನ್ನು ಮಂಡಿಗಳ ನಡುವೆ ತೂರಿಸಿತು.

ನಾಲ್ಕು ದಿನಗಳಲ್ಲಿ ಮೊದಲ ಬಾರಿಗೆ ಒಡತಿ ನಕ್ಕಳು. "ನೋಡಿ, ಹೆತ್ತವಳಿಗಿಂತ ನಿಮ್ಮ ಮೇಲೇ ಅದಕ್ಕೆ ನಂಬಿಕೆ."