ಎರಡು ಗಂಟೆಯ ಸೈರನ್

"ಸರ್, ಬೆಂಜೋ ಶ್ರುತೀಲಿಲ್ಲ" ಎಂದ ಪ್ರಣವ, ಗಾಜಿನ ಆಚೆ ಕೂತವನಿಗೆ ಕೇಳಿಸದಂತೆ ಮೈಕು ಬಂದ್ ಮಾಡಿ. ಶಿವಮೊಗ್ಗದ ಹೊಸಮನೆಯ ಮಹಡಿಯ ಮೇಲಿನ ಆ ಪುಟ್ಟ ಸ್ಟುಡಿಯೋ ಪ್ರಣವನದು. "ಹಾರ್ಮೋನಿಯಂನ ಯಾವ ಮನೇಲೂ ಕೂರಲ್ಲ, ಎರಡರ ಮಧ್ಯೆ ಎಲ್ಲೋ ಇದೆ. ನಿಮ್ಮ ಹಾಡಿಗೆ ಸೇರಿಸಿದ್ರೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗಾಗುತ್ತೆ."

ಅಭಯನಿಗೆ ಅದು ಮೊದಲೇ ಕೇಳಿಸಿತ್ತು. ಮೂವತ್ತೊಂದು ಸಿನಿಮಾಗಳಿಗೆ ಸಂಗೀತ ಕೊಟ್ಟ ಕಿವಿ. ಆ ಶ್ರುತಿ ಹುಟ್ಟಿದ ಜಾಗವೂ ಅವನಿಗೆ ಗೊತ್ತಿತ್ತು. ಭದ್ರಾವತಿಯ ಜನ್ನಾಪುರದಲ್ಲಿ ಹದಿನೇಳರ ವಯಸ್ಸಿನವರು ನಾಲ್ಕು ಜನ ಸೇರಿ 'ಭದ್ರಾ ಬಾಯ್ಸ್' ಎಂದು ಬ್ಯಾಂಡ್ ಕಟ್ಟಿದಾಗ ಅವರ ಹತ್ತಿರ ಶ್ರುತಿಪೆಟ್ಟಿಗೆ ಇರಲಿಲ್ಲ. ಮಧ್ಯಾಹ್ನ ಎರಡಕ್ಕೆ ಪಾಳಿ ಬದಲಾಗುವಾಗ ಕಾರ್ಖಾನೆಯ ಸೈರನ್ ಕೂಗುತ್ತಿತ್ತು. ಅದೇ ಅವರ ಷಡ್ಜ. ಅದು ನಿಲ್ಲುವುದರೊಳಗೆ ಅಭಯ ಗಿಟಾರನ್ನೂ, ಈಗ ಗಾಜಿನ ಆಚೆ ಕೂತಿದ್ದ ಗೆಳೆಯ ಹುಸೇನ್ ಬೆಂಜೋವನ್ನೂ ಅದಕ್ಕೆ ಕೂಡಿಸಿಕೊಳ್ಳಬೇಕು. ತಪ್ಪಿದರೆ ಅವತ್ತಿನ ಅಭ್ಯಾಸವೆಲ್ಲ ಬೇಸುರು. ಸೈರನ್ ಹಾರ್ಮೋನಿಯಂ ನೋಡಿಕೊಂಡು ಕೂಗುವುದಿಲ್ಲ ಎಂಬುದು ಆ ಮಹಾ ವಿದ್ವಾಂಸರಿಗೆ ಹೊಳೆದಿರಲಿಲ್ಲ.

ಈಗ ಆ ಸೈರನ್ ಇಲ್ಲ. ಹುಸೇನ್ ಜನ್ನಾಪುರದಲ್ಲೇ ಮೋಟಾರು ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದಾನೆ. ಬೆಳಿಗ್ಗೆ ಅಭಯ ಕಾರು ತೆಗೆದುಕೊಂಡು ಹೋಗಿ, "ನಮ್ಮ ಹಳೇ ಧುನ್ ಸಿನಿಮಾಕ್ಕೆ ಬೇಕು, ನೀನೇ ಬಾರಿಸಬೇಕು" ಎಂದಾಗ ಅವನು ಕೈಯ ಗ್ರೀಸು ಒರೆಸಿಕೊಂಡು ಬೆಂಜೋ ಇಳಿಸಿದ. ಅಂಗಿಯ ಜೇಬಿನಿಂದ ಸಣ್ಣ ಚಾವಿ ತೆಗೆದು ತಂತಿ ಬಿಗಿ ಮಾಡುತ್ತ, ಬೆರಳಿನಿಂದ ಕಿವಿ ತಟ್ಟಿ ತೋರಿಸಿದ.

"ಸೈರನ್ ಇಲ್ಲಿ ಇನ್ನೂ ಕೂಗುತ್ತೆ ಮಾರಾಯ. ಎರಡು ಗಂಟೆಗೆ ಕರೆಕ್ಟಾಗಿ."

ಆ ಮಾತಿಗೆ ಅಭಯ ನಕ್ಕಿದ್ದ. ಆದರೆ ಅವನು ಬಂದದ್ದು ಧುನ್‌ಗಿಂತ ಹೆಚ್ಚಾಗಿ ಒಂದು ಹಳೆಯ ತಪ್ಪಿಗಾಗಿ. ಇಪ್ಪತ್ನಾಲ್ಕು ವರ್ಷದ ಹಿಂದೆ ಇದೇ ಶಿವಮೊಗ್ಗದ ಕೋಟೆಯಲ್ಲಿ ಸಂಗೀತ ಸ್ಪರ್ಧೆ ನಡೆದಿತ್ತು. ವೇದಿಕೆಯ ಮೇಲೆ ಆಯೋಜಕರ ಹೊಸ ಕೀಬೋರ್ಡ್ ಇತ್ತು. ಅಭಯ ಅದರ ಮೇಲೆ ಕೈಯಾಡಿಸಿದ. ಹುಸೇನ್ ಟೀ ಕುಡಿಯಲು ಹೋಗಿದ್ದಾಗ ಅವನ ಬೆಂಜೋವನ್ನೂ ಮೀಟಿ ನೋಡಿದ. ಎರಡೂ ಒಂದಕ್ಕೊಂದು ಹೊಂದಲಿಲ್ಲ. ಹೇಳಬಹುದಿತ್ತು. ಕೀಬೋರ್ಡಿನ ಮುಂದೆ, ಅಷ್ಟು ಬೆಳಕಿನಲ್ಲಿ ಒಬ್ಬನೇ ಕೂರುವ ಆಸೆ ಹೇಳಗೊಡಲಿಲ್ಲ. "ಒಂದೇ ವಾದ್ಯಕ್ಕೆ ಅವಕಾಶ ಅಂತೆ ಕಣೋ" ಎಂದುಬಿಟ್ಟ. ಹುಸೇನ್ ಪರದೆಯ ಹಿಂದೆ ಬೆಂಜೋ ತೊಡೆಯ ಮೇಲಿಟ್ಟುಕೊಂಡು ಕೂತು, ಗೆಳೆಯ ಗೆದ್ದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಮುಂದಿನ ತಿಂಗಳೇ ತೀರ್ಪುಗಾರರೊಬ್ಬರು ಅಭಯನನ್ನು ಸಿನಿಮಾಕ್ಕೆ ಕರೆಸಿಕೊಂಡರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದ ಮಾತಿನಿಂದ ಹೋದದ್ದು ಏನೆಂದು ಅಭಯನಿಗೆ ಮಾತ್ರ ಗೊತ್ತಿತ್ತು.

"ಹೇಳಿಬಿಡಿ ಸರ್, ತಂತಿ ಸ್ವಲ್ಪ ಏರಿಸಿಕೊಳ್ತಾರೆ" ಎಂದ ಪ್ರಣವ. "ಅವರ ಕಿವಿಗೆ ಬರೀ ತಾಳ ಕೊಟ್ಟಿದ್ವಿ, ಹಾಡು ಕೇಳಿಸಿರ್ಲಿಲ್ಲ. ಗೊತ್ತಾಗಿಲ್ಲ ಅಷ್ಟೆ."

ಗಾಜಿನ ಆಚೆಯಿಂದ ಹುಸೇನ್ ಮಗುವಿನಂತೆ ಮುಖವೆತ್ತಿ ನೋಡುತ್ತಿದ್ದ. ಈಗ ಶ್ರುತಿಯ ಮಾತೆತ್ತಿದರೆ ಅದು ಇವತ್ತಿಗೆ ನಿಲ್ಲುವುದಿಲ್ಲ, ಕೋಟೆಯ ಆ ಪರದೆಯ ತನಕ ಹೋಗುತ್ತದೆ ಎಂದು ಅಭಯನಿಗೆ ಹೆದರಿಕೆಯಾಯಿತು. ಮೈಕು ಒತ್ತಿದ.

"ತುಂಬಾ ಚೆನ್ನಾಗಿ ಬಂತು ಹುಸೇನ್."

"ಹೌದಾ? ಬೇಕಾದ್ರೆ ಇನ್ನೊಂದ್ಸಲ ಬಾರಿಸ್ತೀನಿ ನೋಡು. ಅಂಗಡಿ ಇವತ್ತು ಬಾಗಿಲು ಹಾಕೇ ಬಂದಿದೀನಿ."

"ಬೇಡ, ಇಷ್ಟು ಸಾಕು." ಮೈಕು ಬಿಟ್ಟು ಪ್ರಣವನ ಕಡೆ ತಿರುಗಿದ. "ಕಂಪ್ಯೂಟರ್‌ನಲ್ಲೇ ಸರಿ ಮಾಡು."

ಪ್ರಣವ ಮೌಸಿಗೆ ಕೈ ಹಾಕಿದ. ಕಂಪ್ಯೂಟರ್ ಪರದೆಯ ಮೇಲೆ ಸ್ವರಗಳು ಒಂದೊಂದಾಗಿ ಸರಿದು ಗೆರೆಯ ಮೇಲೆ ಕೂತವು. ಹುಸೇನನ ಬೆರಳು ಜಾರಿ ನಿಲ್ಲುತ್ತಿದ್ದ ಕಡೆಯೆಲ್ಲ ಈಗ ನೆಟ್ಟಗಾಯಿತು. ಕೇಳಲು ದೋಷವೇನೂ ಇರಲಿಲ್ಲ. ಅಭಯ ತಡೆಯಲಿಲ್ಲ.

ಹುಸೇನ್ ಬೆಂಜೋ ಬಗಲಿಗಿಟ್ಟುಕೊಂಡು ಈಚೆ ಬಂದ. ಪ್ರಣವ ಕುರ್ಚಿ ಬಿಟ್ಟುಕೊಟ್ಟು ಹೆಡ್‌ಫೋನ್ ಕೊಟ್ಟ. ಹುಸೇನ್ ಕಣ್ಣು ಮುಚ್ಚಿ ಹಾಡನ್ನು ಪೂರ್ತಿ ಕೇಳಿದ. ಮುಗಿದ ಮೇಲೆ ಹೆಡ್‌ಫೋನ್ ತೆಗೆದ.

"ಚೆನ್ನಾಗಿದೆ" ಎಂದ. "ಇದನ್ನ ಯಾರು ಬಾರಿಸಿದ್ದು?"

ಪ್ರಣವ ಅಭಯನನ್ನು ನೋಡಿದ. ಅಭಯ ನೆಲ ನೋಡಿದ. ಹುಸೇನ್ ಇಬ್ಬರನ್ನೂ ನೋಡಿ, ಮೇಜಿನ ಮೇಲಿದ್ದ ಕೀಬೋರ್ಡಿನ ಒಂದು ಮನೆಯನ್ನು ಒತ್ತಿದ. ಬಗಲಿನ ಬೆಂಜೋದ ತಂತಿಯನ್ನು ಹೆಬ್ಬೆರಳಿನಿಂದ ಮೀಟಿದ. ಮತ್ತೆ ಕೀಬೋರ್ಡ್, ಮತ್ತೆ ತಂತಿ. ಆಮೇಲೆ ಅಭಯನ ಮುಖ ನೋಡಿದ.

ಜೇಬಿನಿಂದ ಆ ಸಣ್ಣ ಚಾವಿ ತೆಗೆದು ಮೇಜಿನ ಮೇಲಿಟ್ಟ.

"ಹೇಳಿದ್ರೆ ಎರಡು ನಿಮಿಷದ ಕೆಲಸ ಮಾರಾಯ" ಎಂದ. "ಅವತ್ತು ಕೋಟೇಲೂ ಅಷ್ಟೇ ಆಗ್ತಿತ್ತು."